ಇಪ್ಪತ್ತೆರಡು ಲಕ್ಷದ ಬಡವಿ

“ಬರ್ರಿ ಆಜಿ, ಕುಂದರ್ರಿ. ವಯಸ್ಸು ಐವತ್ತು ದಾಟೇತಿ ಅಲ್ಲ? ಹಂಗಂದ್ರ ಮೊದಲನೇ ಪರೀಕ್ಷಾ ಪಾಸಾದ್ರಿ.”

ಹೀಗೆ ಹೇಳಿ ಮಧುಕರ ಕಾಶವ್ವನ ಒಂದು ಕೈಗೆ ಲಿಂಬು ಶರಬತ್ತಿನ ಲೋಟವನ್ನೂ ಇನ್ನೊಂದು ಕೈಗೆ ಎರಡು ಬಿದಿರು ಕಡ್ಡಿಗಳನ್ನೂ ಕೊಟ್ಟ.

“ಯಪ್ಪಾ, ನಾ ಪರೀಕ್ಷಾಕ್ಕ ಬಂದಾಕಿ ಅಲ್ಲ,” ಅಂದಳು ಕಾಶವ್ವ.

“ಎಲ್ಲಾರೂ ಮೊದಲ ಹಂಗ ಅಂತಾರ. ಆಮ್ಯಾಲೆ ಥಾಯ್ಲೆಂಡಿನಾಗ ಸಮುದ್ರದ ಬಾಜುಕ ಕುಂತು ಫೋಟೋ ಕಳಸ್ತಾರ.”

ಖಾನಾಪುರದ ಸ್ಟೇಷನ್ ರೋಡಿನ ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಮಧುಕರ ನಡೆಸುವ ‘ಸುಖಸಂಜೆ ವಿದೇಶ ನಿವೃತ್ತಿ ಸೇವೆ’ಯ ಮಂಗಳವಾರದ ತರಗತಿ ನಡೆದಿತ್ತು. ಏಳು ಮಂದಿ ಹಿರಿಯರು ಚಾಪೆಯ ಮೇಲೆ ಸಾಲಾಗಿ ಕುಳಿತು, ತಟ್ಟೆಯೊಳಗಿನ ಹುರಿದ ಶೇಂಗಾ ಬೀಜಗಳನ್ನು ಕಡ್ಡಿಗಳಿಂದ ಎತ್ತಲು ಹೆಣಗುತ್ತಿದ್ದರು. ಬೀಜಗಳು ಬಾಯಿಯೊಂದನ್ನು ಬಿಟ್ಟು ಎಲ್ಲ ದಿಕ್ಕಿಗೂ ಹೋಗುತ್ತಿದ್ದವು. ಆ ದೇಶದಲ್ಲಿ ಅನ್ನವನ್ನು ಚಮಚೆಯಿಂದಲೇ ಉಣ್ಣುತ್ತಾರೆಂಬುದು ಮಧುಕರನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ, ಕಡ್ಡಿ ತರಗತಿಗೆ ಬೇರೆ ಫೀ ಇತ್ತು.

ಬಾಗಿಲಲ್ಲಿ ನಿಂತಿದ್ದ ಅನುರಾಧಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ವಿಮಾ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಸುಳ್ಳು ಸಾವು, ಸುಳ್ಳು ಬೆಂಕಿ ಪತ್ತೆ ಹಚ್ಚಿ ನಿವೃತ್ತಳಾಗಿ, ಈಗ ಬೆಳಗಾವಿಯಲ್ಲಿ ಸ್ವಂತ ಪತ್ತೇದಾರಿಕೆ ಮಾಡುವವಳು. ಕದ್ದವರನ್ನು ಹಿಡಿಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಕೊಟ್ಟವರನ್ನು ಹಿಡಿಯುವ ಕೆಲಸ ಇದೇ ಮೊದಲು. ಬೆಳಗಾವಿಯ ಶಹಾಪುರ ಪೇಟೆಯ ಕಾಶವ್ವನ ಬ್ಯಾಂಕ್ ಖಾತೆಯಲ್ಲಿ, ಅವಳಿಗೇ ಗೊತ್ತಿಲ್ಲದಂತೆ, ಯಾರೋ ಇಪ್ಪತ್ತೆರಡು ಲಕ್ಷ ರೂಪಾಯಿ ಹಾಕಿಟ್ಟಿದ್ದರು.

ಹಾಕಿದವರು ಪುಣ್ಯ ಮಾಡಿರಲಿಲ್ಲ. ಆ ಠೇವಣಿಯನ್ನು ಸರಕಾರದ ಕಂಪ್ಯೂಟರು ಕಂಡಿತು. ಕಂಡು ಕಾಶವ್ವನನ್ನು ಶ್ರೀಮಂತಳೆಂದು ಘೋಷಿಸಿತು. ತಿಂಗಳ ಪಿಂಚಣಿ ನಿಂತಿತು. ಬಡವರ ರೇಷನ್ ಕಾರ್ಡು ರದ್ದಾಗುವ ಹಂತಕ್ಕೆ ಬಂತು. ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಬೆಳಗಾವಿಯಲ್ಲಿ ಅದರ ವಿಚಾರಣೆ. ಗುರುವಾರ ಅವಳ ಬಲಗಣ್ಣಿನ ಪೊರೆಯ ಆಪರೇಷನ್. ಕಾರ್ಡಿದ್ದರೆ ಪುಕ್ಕಟೆ, ಇಲ್ಲದಿದ್ದರೆ ಮೂವತ್ತೆರಡು ಸಾವಿರ. ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಪೊರೆ ಮಾಗಿದೆ, ಇನ್ನು ತಡಮಾಡಿದರೆ ಈ ಕಣ್ಣೂ ಕೈಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಬಾಯಾರ, ನೀವೂ ಕುಂದರ್ರಿ,” ಎಂದು ಮಧುಕರ ಅನುರಾಧಾಳಿಗೂ ಕಡ್ಡಿ ಚಾಚಿದ. “ಇಬ್ಬರೂ ಕೂಡೇ ಫಾರ್ಮ್ ತುಂಬಿದ್ರ ಡಿಸ್ಕೌಂಟ್ ಐತಿ.”

“ಮೊದಲ ನಿಯಮ ಹೇಳ್ರಿ. ಏನೇನು ಬೇಕು?”

ಮಧುಕರನ ಮುಖ ಅರಳಿತು. ಈ ಪಾಠ ಅವನಿಗೆ ಬಾಯಿಪಾಠ. “ಐವತ್ತು ವರ್ಸ ತುಂಬಿರಬೇಕು. ಪೊಲೀಸರ ಕಡಿಂದ ಚೊಲೋ ಮನಶ್ಯಾ ಅಂತ ಒಂದು ಕಾಗದ. ಡಾಕ್ಟರ ಕಡಿಂದ ದೊಡ್ಡ ಜಡ್ಡು ಇಲ್ಲಂತ ಒಂದು ಕಾಗದ. ಮತ್ತ ಬ್ಯಾಂಕಿನಾಗ ಎಂಟು ಲಕ್ಷ ಬಾತ್. ಅಲ್ಲಿ ರೊಕ್ಕಕ್ಕ ಬಾತ್ ಅಂತಾರ. ನಮ್ಮ ಲೆಕ್ಕದಾಗ ಇಪ್ಪತ್ತೆರಡು ಲಕ್ಷದ ಆಸುಪಾಸು ಹಿಡೀರಿ. ಇಲ್ಲಾಂದ್ರ ತಿಂಗಳಾ ಅರವತ್ತೈದು ಸಾವಿರ ಬಾತ್ ಪಿಂಚಣಿ ಬರಬೇಕು.”

“ನನಗ ಹನ್ನೆರಡು ನೂರು ಬರತಿತ್ತು,” ಅಂದಳು ಕಾಶವ್ವ.

“ಬಾತ?”

“ರೂಪಾಯಿ.”

ಮಧುಕರ ಶರಬತ್ತಿನ ಲೋಟವನ್ನು ವಾಪಸು ಪಡೆಯಲೋ ಬೇಡವೋ ಎಂದು ಒಂದು ಕ್ಷಣ ನೋಡಿದ.

“ರೊಕ್ಕ ಇಲ್ಲದವರಿಗೆ ನೀವ ಹೊಂದಿಸಿ ಕೊಡ್ತೀರಂತ?” ಅನುರಾಧಾ ಕೇಳಿದಳು.

“ತೋರಸೂ ರೊಕ್ಕ ಅಂತೀವ್ರಿ ಅದಕ್ಕ. ಒಬ್ಬರದು ಖಾಲಿ ಕುಂತಿರತೈತಿ, ಇನ್ನೊಬ್ಬರಿಗೆ ಬೇಕಾಗಿರತೈತಿ. ನಮ್ಮ ಕಡೆ ಭಿಶಿ ಚೀಟಿ ಹಾಕೂದಿಲ್ಲೇನು, ಹಂಗ. ಕೆಲಸ ಆದ ಮ್ಯಾಲೆ ರೊಕ್ಕ ಮುಂದಿನ ಮನಿಗೆ. ರೊಕ್ಕಾ ಯಾರು ಗಳಿಸಿದ್ದು ಅಂತ ಎಂಬಸಿ ಕೇಳೂದಿಲ್ರಿ. ಯಾರ ಹೆಸರಿಲೆ ಐತಿ, ಎಷ್ಟು ತಿಂಗಳು ಅಳ್ಳಾಡದ ಕುಂತೈತಿ, ಅಷ್ಟ ಕೇಳತೈತಿ.”

ಅನುರಾಧಾ ಬ್ಯಾಂಕಿನಿಂದ ಹೊಸದಾಗಿ ಮಾಡಿಸಿದ ಪಾಸ್‌ಬುಕ್ಕನ್ನು ಚೀಲದಿಂದ ತೆಗೆದು ಶೇಂಗಾ ತಟ್ಟೆಯ ಪಕ್ಕಕ್ಕಿಟ್ಟಳು. “ಮಾರ್ಚ್ ಹನ್ನೊಂದನೇ ತಾರೀಖು. ನಿಮ್ಮ ಸುಖಸಂಜೆಯಿಂದ ಈ ಕಾಶವ್ವನ ಖಾತಿಗೆ ಹದಿನಾಲ್ಕು ಲಕ್ಷ ಬಂದದ. ಯಾಕ?”

ಮಧುಕರ ಪಾಸ್‌ಬುಕ್ಕನ್ನು ದೂರ ಹಿಡಿದು ಓದಿದ, ಹತ್ತಿರ ಹಿಡಿದು ಓದಿದ. “ಅರೇ, ಇದು ಆಜಿ ಖಾತಿ ಅಲ್ಲ. ಇದು ಸಾವಕಾರ್ರ ಖಾತಿ.”

“ಯಾವ ಸಾವಕಾರ್ರು?”

ಸಾಲಿನ ಕೊನೆಯಲ್ಲಿ ಒಬ್ಬರು ತಟ್ಟೆಯನ್ನೆತ್ತಿ ಮುಖಕ್ಕೆ ಅಡ್ಡ ಹಿಡಿದರು. ಶೇಂಗಾ ಎಲ್ಲ ತೊಡೆಯ ಮೇಲೆ ಸುರಿಯಿತು. ಗಾಬರಿಗೆ ಕೆಮ್ಮು ಬಂತು.

ಕಾಶವ್ವ ಕೆಮ್ಮು ಬಂದ ದಿಕ್ಕಿಗೆ ಕತ್ತು ತಿರುಗಿಸಿದಳು. “ಯಾರದು, ಗುರುಪುತ್ರಪ್ಪ ಸಾವಕಾರ್ರ? ತಟ್ಟಿ ಇಳಸ್ರಿ. ಮೂವತ್ತೊಂದು ವರ್ಸ ಈ ಕೆಮ್ಮು ಕೇಳೇನಿ. ಕೆಮ್ಮಿದಿರಂದ್ರ ಪಗಾರ ತಡಾ ಅಂತ ಗೊತ್ತಾಗತಿತ್ತು.”

ತಟ್ಟೆ ಇಳಿಯಿತು. ಶಹಾಪುರದಲ್ಲಿ ಹನ್ನೆರಡು ಪವರ್‌ಲೂಮುಗಳ ಒಡೆಯ, ಅರವತ್ತಮೂರರ ಗುರುಪುತ್ರಪ್ಪ, ಹಣೆಯಲ್ಲಿ ಮೂರು ಬೆರಳು ವಿಭೂತಿ, ತೊಡೆಯ ತುಂಬ ಶೇಂಗಾ. ಪ್ರತಿ ಮಂಗಳವಾರ ಹಲಸಿಯ ಹಳೇ ಗುಡಿಗೆ ಹೋಗುತ್ತೇನೆಂದು ಮನೆಗೂ ಪೇಟೆಗೂ ಹೇಳಿ ಇಲ್ಲಿಗೆ ಬರುತ್ತಿದ್ದ. ಎಂಟು ವಾರದ ಭಕ್ತಿ ಆಗಲೇ ಮುಗಿದಿತ್ತು.

“ಮಧುಕರ, ಖಾತಿ ನಂಬರ್ ಯಾರು ಕೊಟ್ಟರು?” ಅನುರಾಧಾ ಕೇಳಿದಳು.

“ಇವರ ಕೊಟ್ರು. ನಮ್ಮ ಖಾತಿ ಅಂತ ಚೀಟಿ ಮ್ಯಾಲೆ ಬರದ ಕೊಟ್ರು.”

“ನಮ್ಮದ ಅಲ್ಲೇನು ಮತ್ತ?” ಗುರುಪುತ್ರಪ್ಪ ತೊಡೆ ಝಾಡಿಸುತ್ತ ಅಂದ. “ಕಾಶಿ ನಮ್ಮಾಕಿ. ಅಕಿ ಖಾತಿ ನಮ್ಮ ಖಾತಿ.”

ಅವನ ದನಿಯಲ್ಲಿ ಕಪಟವಿರಲಿಲ್ಲ. ಅನುರಾಧಾಳಿಗೆ ಸಿಕ್ಕ ಮೊದಲ ಗಟ್ಟಿ ಸುಳಿವು ಇದೇ: ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ.

ಹದಿನಾರು ವರ್ಷದ ಹಿಂದೆ ನೇಕಾರರ ವಿಮೆ ಎಂದು ಹೇಳಿ ಅವನು ಕಾಶವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ತೆರೆಸಿದ್ದ. ಪಾಸ್‌ಬುಕ್ ತನ್ನ ಕಪಾಟಿನಲ್ಲಿಟ್ಟುಕೊಂಡ. ಹಣ ತೆಗೆಯುವ ಖಾಲಿ ಚೀಟಿಗಳ ಮೇಲೆ ಮುಂಚಿತವಾಗಿಯೇ ಹೆಬ್ಬೆಟ್ಟು ಒತ್ತಿಸಿ ಕಟ್ಟು ಕಟ್ಟಿದ. ಯಾರಿಗೂ ಕಾಣಬಾರದ ತನ್ನ ಹಣವನ್ನು ಅಲ್ಲಿ ಜಮಾ ಮಾಡುತ್ತ ಬಂದ. ಅದು ಎಂಟು ಲಕ್ಷವಾಯಿತು; ಎಂಬಸಿಗೆ ತೋರಿಸಲು ಕಡಿಮೆ ಬಿದ್ದ ಹದಿನಾಲ್ಕನ್ನು ಮಧುಕರ ಹಾಕಿದ. ಮಗ್ಗ ನಮ್ಮದು, ನೂಲು ನಮ್ಮದು, ನೂಲು ಸುತ್ತುವ ಹೆಂಗಸು ನಮ್ಮದು, ಅವಳ ಹೆಬ್ಬೆಟ್ಟು ನಮ್ಮದು. ಹೀಗೆ ಹದಿನಾರು ವರ್ಷ ಅಂದುಕೊಂಡವನಿಗೆ, ಆ ಖಾತೆಯ ಮೇಲೆ ಒಂದು ಹೆಸರಿದೆ, ಆ ಹೆಸರು ತನ್ನದಲ್ಲ ಎಂಬುದೇ ಮರೆತುಹೋಗಿತ್ತು. ನೆನಪಿಸಲು ಪರದೇಶದ ಒಂದು ಫಾರ್ಮು ಬೇಕಾಯಿತು.

“ನಿಮ್ಮದಾದ್ರ ತಗೊಂಡು ನಿಮ್ಮ ಹೆಸರಿನ ಖಾತಿಗೆ ಹಾಕ್ಕೋಬಹುದಿತ್ತಲ್ಲ,” ಅಂದಳು ಅನುರಾಧಾ. “ನಾಲ್ಕು ತಿಂಗಳಾತು. ಯಾಕ ತಗೀಲಿಲ್ಲ?”

ಗುರುಪುತ್ರಪ್ಪ ಮತ್ತೆ ಕೆಮ್ಮಿದ. ಉತ್ತರ ಕಾಶವ್ವನಿಂದ ಬಂತು.

“ಯುಗಾದಿ ಮುಂದ ಮನಿಗೆ ಬಂದಿದ್ರಲ್ಲ ಬಾಯಾರ, ಕುಂದಾದ ಡಬ್ಬಿ ಹಿಡಕೊಂಡು. ಮೂವತ್ತೊಂದು ವರ್ಸದಾಗ ಒಂದು ಚುರಮರಿ ಕಾಳು ಕೊಟ್ಟವರಲ್ಲ. ನಾ ಅಂದ್ಕೊಂಡ್ನಿ, ಇವರಿಗೇನೋ ದೊಡ್ಡ ಜಡ್ಡು ಬಂದೈತಿ, ಸಾಯೂದರಾಗ ಎಲ್ಲಾರ ಹಂತೇಕ ಮಾಫಿ ಕೇಳ್ಕೋತ ಹೊಂಟಾರಂತ.”

“ಕಾಶಿ, ಗಪ್ಪ ಕುಂದ್ರು.”

“ಕುಂದಾ ಚೊಲೋ ಇತ್ರಿ, ಸುಳ್ಳು ಯಾಕ ಹೇಳಲಿ. ಬೋನಸ್ ಬಂದೈತಿ, ಬ್ಯಾಂಕಿಗೆ ಬಂದು ಹೆಬ್ಬಟ್ಟ ಒತ್ತು ಅಂದ್ರು. ಹೋದ್ನಿ. ಈಗ ಶಾಯಿ ಇಲ್ಲ ಏನಿಲ್ಲ, ಹಳೇ ಚೀಟಿ ನಡಿಯೂದಿಲ್ಲ, ಒಂದು ಮಷೀನು. ಒತ್ತಿದ್ನಿ, ಕೆಂಪು ದೀಪಾ ಹತ್ತಿತು. ಮತ್ತ ಒತ್ತಿದ್ನಿ, ಮತ್ತ ಕೆಂಪು. ಹನ್ನೊಂದು ಸಲ. ಎಣ್ಣಿ ಹಚ್ಚಿ ಒತ್ತು ಅಂದ್ರು. ಲಿಂಬಿಹಣ್ಣಿಲೆ ತಿಕ್ಕಿ ಒತ್ತು ಅಂದ್ರು. ಕಣ್ಣ ತೋರಸೂ ಮಷೀನ ತಂದ್ರು. ಪೊರಿ ಬಂದ ಕಣ್ಣು ಅದಕ್ಕ ಬ್ಯಾಡಂತ. ಬ್ಯಾಂಕಿನವರು ಚಾ ಕುಡಿಸಿ ಕಳಸಿದ್ರು. ಆಟೋದ ರೊಕ್ಕ ನಾನ ಕೊಟ್ನಿ.”

ಅನುರಾಧಾ ಅವಳ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ತಂದಳು.

ಹೆಬ್ಬೆರಳಿನ ತುದಿ ಹೊಳೆಯಲ್ಲಿ ಉರುಳಿ ಬಂದ ಬೆಣಚುಕಲ್ಲಿನಂತೆ ನುಣ್ಣಗಿತ್ತು. ಒಂದು ಸುಳಿಯಿಲ್ಲ, ಒಂದು ಗೆರೆಯಿಲ್ಲ. ನಡುವೆ ಮಾತ್ರ ಕೂದಲೆಳೆಯಷ್ಟು ಸಪೂರ ಒಂದು ಕೊರಕಲು. ಮಗ್ಗದ ಲಾಳಿಗೆ ನೂಲಿನ ಕಂಡಕಿ ಸುತ್ತುವಾಗ ಎಳೆ ಹಾಯುವ ದಾರಿ ಅದು. ದಿನಕ್ಕೆ ಹತ್ತು ತಾಸು, ಮೂವತ್ತೊಂದು ವರ್ಷ, ಹೆಬ್ಬೆರಳು ತೋರುಬೆರಳಿನ ನಡುವೆ ನೂಲು ಓಡಿತ್ತು. ಓಡುತ್ತ ಓಡುತ್ತ ಬೆರಳಿನ ಬರವಣಿಗೆಯನ್ನೆಲ್ಲ ಅಳಿಸಿತ್ತು. ರೇಷನ್ ಅಂಗಡಿಯ ಯಂತ್ರವೂ ಈ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಬಾಜೂ ಮನೆಯವರ ಮೊಬೈಲಿಗೆ ಬರುವ ನಂಬರು ಹೇಳಿ ಕಾಶವ್ವ ಅಕ್ಕಿ ತರುತ್ತಿದ್ದಳು. ಬ್ಯಾಂಕಿಗೆ ಅಷ್ಟು ಸಾಕಾಗಲಿಲ್ಲ. ಆ ಖಾತೆಯೊಳಕ್ಕೆ ಹಣ ಹೋಗಲು ಯಾರ ಹೆಬ್ಬೆಟ್ಟೂ ಬೇಡ. ಹೊರಗೆ ಬರಲು ಈ ಒಂದೇ ಹೆಬ್ಬೆಟ್ಟು ಬೇಕು.

“ಸಾವಕಾರ್ರ,” ಅಂದಳು ಅನುರಾಧಾ. “ತಿಜೋರಿ ಚೊಲೋದು ಆರಿಸೀರಿ. ಅದರ ಕೀಲಿ ನಿಮ್ಮ ನೂಲ ತಿಂದದ.”

ಸಾಲಿನಲ್ಲಿದ್ದ ಆರು ಮಂದಿ ಕಡ್ಡಿ ಕೆಳಗಿಟ್ಟು ಕೇಳುತ್ತಿದ್ದರು. ಮಧುಕರ ಮಾತ್ರ ನೆಲಕ್ಕೆ ಕುಸಿದು ಕೂತ. “ಹಂಗಾದ್ರ ನನ್ನ ಹದಿನಾಲ್ಕೂ ಒಳಗ ಸಿಕ್ಕೊಂಡಾವೇನು? ಎಂಬಸಿಯವರು ತಡಾ ಮಾಡಾಕತ್ತಾರ ಅಂತ ಹೇಳಿದ್ರಲ್ಲ ಸಾವಕಾರ್ರ ನನಗ?”

“ಹದಿನಾಲ್ಕು ಲಕ್ಷ ನಿಮ್ಮವೇನು?” ಅನುರಾಧಾ ಅವನ ಕಡೆ ತಿರುಗಿದಳು.

“ನನ್ನ ಹಂತೇಕ ಎಲ್ಲಿಂದ ಬರ್ತಾವ್ರಿ? ಒಬ್ಬ ಕ್ಲೈಂಟಿನವು. ಅವರ ಫೈಲ್ ಮುಂದಿನ ವರ್ಸ ಹಾಕೂದೈತಿ. ಅಲ್ಲೀತನಾ ಸುಮ್ನ ಕುಂತಿರತಾವ ಅಂತ ಇಲ್ಲಿ ಹಾಕಿದ್ನಿ.”

“ಯಾರವರು?”

“ಕ್ಲೈಂಟಿನ ಹೆಸರು ಹೇಳಿದ್ರ ಧಂದೆ ನಿಂತ ಹೋಗತೈತ್ರಿ ಬಾಯಾರ. ಜೀವಾ ಕೇಳ್ರಿ, ಕೊಡ್ತೀನಿ.”

“ಜೀವಾ ನಿಮ್ಮ ಹಂತೇಕ ಇರಲಿ. ಇಬ್ಬರೂ ಈಗ ಬೆಳಗಾವಿಗೆ ನಡೀರಿ. ನಾಲ್ಕಕ್ಕ ಸಾಹೇಬರ ಮುಂದ ಈ ರೊಕ್ಕಕ್ಕೂ ಕಾಶವ್ವಗೂ ಸಂಬಂಧ ಇಲ್ಲ, ಹಾಕಿದವರು ನಾವು ಅಂತ ಹೇಳ್ರಿ. ಇಲ್ಲಾಂದ್ರ ನಾ ಶಹಾಪುರಕ್ಕ, ಸಾವಕಾರ್ರ ಮನಿಗೆ ಹೋಗಿ ಹಲಸಿ ಗುಡಿಯ ಪ್ರಸಾದ ಹಂಚತೀನಿ.”

ಗುರುಪುತ್ರಪ್ಪ ಶೇಂಗಾ ಆರಿಸುವುದನ್ನು ನಿಲ್ಲಿಸಿದ. “ಅಕಿದಲ್ಲ ಅಂತ ಸಾಹೇಬ್ರು ಬರದ್ರ ಬ್ಯಾಂಕಿನವರು ನನಗ ಕೊಡತಾರೇನ್ರಿ?”

“ಬರದ ಮ್ಯಾಲೆ ಕೇಳ್ರಿ.”

ಕೆಳಗೆ ಕಲ್ಲಯ್ಯನ ಆಟೋ ನಿಂತಿತ್ತು. ಬೆಳಿಗ್ಗೆ ನಾಲ್ಕು ಮನೆಯ ಪೂಜೆ, ಆಮೇಲೆ ಆಟೋ, ಅದರ ನಡುನಡುವೆ ಅನುರಾಧಾಳ ಕಚೇರಿಯ ಏಕೈಕ ಸಿಬ್ಬಂದಿ: ಇದು ಕಲ್ಲಯ್ಯನ ದಿನಚರಿ. ಹಿಂದಿನ ಸೀಟಿನಲ್ಲಿ ಅನುರಾಧಾ, ಕಾಶವ್ವ, ಗುರುಪುತ್ರಪ್ಪ. ಮುಂದೆ ಕಲ್ಲಯ್ಯನ ಬಾಜು, ಅರ್ಧ ಸೀಟಿನ ಮೇಲೆ ಮಧುಕರ. ಇನ್ನರ್ಧ ಮಧುಕರ ರಸ್ತೆಯ ಮೇಲಿದ್ದ.

ಪ್ರಭುನಗರ ದಾಟುವಾಗ ಗುರುಪುತ್ರಪ್ಪನಿಗೆ ಒಂದು ಹೊಸ ಕಾಳಜಿ ಹುಟ್ಟಿತು. “ಕಾಶಿ, ಆಪರೇಷನ್ ಆದ ಮ್ಯಾಲೆ ಕಣ್ಣು ಪೂರಾ ಸ್ವಚ್ಛ ಆಗತಾವಂತೇನು?”

“ಹಂಗಂತಾರ್ರಿ.”

“ಮಷೀನಿಗೆ ಹತ್ತುವಷ್ಟು?”

“ಅಷ್ಟು ಕಾಳಜಿ ಇದ್ದರ ಆಪರೇಷನ್ನಿನ ರೊಕ್ಕ ನೀವ ಕೊಡ್ರಿ,” ಅಂದಳು ಅನುರಾಧಾ.

“ನನ್ನ ಹಂತೇಕ ಎಲ್ಲೈತ್ರಿ ರೊಕ್ಕ? ಎಲ್ಲಾ ಅಕಿ ಖಾತ್ಯಾಗ ಐತಿ.”

ಕಾಶವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗು ನಿಲ್ಲಲು ಪೀರನವಾಡಿ ಬರಬೇಕಾಯಿತು.

ಆಗ ಕಲ್ಲಯ್ಯ, ಕನ್ನಡಿಯಲ್ಲಿ ನೋಡುತ್ತ, ಬರಿಯ ಮಾತಿಗೆಂದು ಮಾತು ತೆಗೆದ. “ಸಾವಕಾರ್ರ, ನಾಕು ವರ್ಸದ ಹಿಂದ ಮಗ್ಗದ ಸಾಲ ಸೆಟಲ್ಮೆಂಟ್ ಮಾಡ್ಕೊಂಡ್ರಿ ಅಲ್ಲ? ನನ್ನ ಹಂತೇಕ ಒಂದು ಬಿಡಿಗಾಸೂ ಇಲ್ಲ ಅಂತ ಬಾಂಡ್ ಪೇಪರ್ ಮ್ಯಾಲೆ ಬರದ ಕೊಟ್ಟು? ಆ ಪೇಪರ್ ತರಾಕ ನನ್ನ ಆಟೋದಾಗ ಹೋಗಿದ್ರಿ. ಈಗ ಇಪ್ಪತ್ತೆರಡು ಲಕ್ಷ ನಂದು ಅಂದ್ರ ಆ ಬ್ಯಾಂಕಿನವರು ಸುಮ್ನಿರತಾರೇನ್ರಿ?”

ಗುರುಪುತ್ರಪ್ಪ ಬೆರಳು ಮಡಚತೊಡಗಿದ. ಮೂರನೇ ರೈಲ್ವೆ ಗೇಟಿನ ತನಕ ಲೆಕ್ಕ ಹಾಕುತ್ತಲೇ ಇದ್ದ. ಅನುರಾಧಾ ಚಪ್ಪಲಿಯ ತುದಿಯಿಂದ ಮುಂದಿನ ಸೀಟನ್ನು ಒದ್ದಳು. ತಡವಾಗಿತ್ತು.

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ಸಾಹೇಬರ ಒಂದು ಕುರ್ಚಿ, ಗೋಡೆಗೆ ಒಂದು ಬೆಂಚು. ಬೆಂಚಿನ ಮೇಲೆ ಗುರುಪುತ್ರಪ್ಪನೂ ಅನುರಾಧಾಳೂ ಕೂತರು. ಅದರ ಆಚೆ, ಬಾಗಿಲ ಸಂದಿಯಲ್ಲಿ, ಕಲ್ಲಯ್ಯನ ಅಗಲ ಬೆನ್ನಿಗೆ ಮರೆಯಾಗಿ ಮಧುಕರ. ಕಾರ್ಡಿನವರು ನಿಂತೇ ಉತ್ತರಿಸಬೇಕೆಂದು ಸಿಪಾಯಿ ಹೇಳಿದ್ದರಿಂದ ಕಾಶವ್ವ ಮೇಜಿನ ಮುಂದೆ ನಿಂತಳು. ಬಡವರನ್ನು ಕೂರಿಸಿ ಮಾತಾಡಿಸಿದರೆ ಕಡತ ಮೈಲಿಗೆಯಾಗುತ್ತದೆ.

ಅಧಿಕಾರಿ ಬಸವಪ್ರಸಾದ ಸೌಮ್ಯ ಮನುಷ್ಯ. ತೆಳ್ಳನೆಯ ಚಿನ್ನದ ಬಣ್ಣದ ಚಾಳೀಸು, ಇಸ್ತ್ರಿಯ ಗೆರೆ ಕೆಡದ ಅಂಗಿ.

“ಕಾಶವ್ವ ಅಂದ್ರ ನೀವ ಏನು? ನಿಮ್ಮ ಹೆಸರಿನಾಗ ಅರ್ಹತೆ ಮೀರಿದ ಠೇವಣಿ ಐತಿ ಅಂತ ಪಟ್ಟಿ ಬಂದೈತಿ. ನೀವು ಬಡವರು ಅನ್ನಾಕ ಏನು ಪುರಾವೆ ತಂದೀರಿ?”

ಕಾಶವ್ವ ತನ್ನ ಸೀರೆ ನೋಡಿಕೊಂಡಳು, ಕಾಲು ನೋಡಿಕೊಂಡಳು. “ನಾನ ಬಂದೇನಲ್ರಿ.”

“ಹಂಗಲ್ಲ. ಕಾಗದದ ಮ್ಯಾಲೆ.”

ಶ್ರೀಮಂತ ತಾನು ಶ್ರೀಮಂತನೆಂದು ತೋರಿಸಲು ಪರದೇಶದವರೂ ಒಂದು ಬ್ಯಾಂಕ್ ಚೀಟಿ ಕೇಳಿ ಸುಮ್ಮನಾಗುತ್ತಾರೆ. ಬಡವಿ ತಾನು ಬಡವಿಯೆಂದು ತೋರಿಸಲು ಸ್ವದೇಶದಲ್ಲಿ ಏಳು ಕಾಗದ ಬೇಕು. ಏಳರ ಮೇಲೂ ಯಾವನಾದರೂ ಉಳ್ಳವನ ಸಹಿ ಬೇಕು.

ಆ ಉಳ್ಳವನನ್ನು ಅನುರಾಧಾ ಜೊತೆಗೇ ತಂದಿದ್ದಳು. “ಸಾಹೇಬ್ರ, ರೊಕ್ಕ ಹಾಕಿದವರು ಇವರು, ಕಾಶವ್ವನ ಹಳೇ ಸಾವಕಾರ್ರು. ಅವರ ಬಾಯಿಂದನ ಕೇಳ್ರಿ.”

ಗುರುಪುತ್ರಪ್ಪ ಎದ್ದು ನಿಂತ. ವಿಭೂತಿಯ ಮೇಲೆ ಬೆವರು ಇಳಿದಿತ್ತು. ಒಂದು ಕಡೆ ಎಂಟು ಲಕ್ಷ, ಇನ್ನೊಂದು ಕಡೆ ಬಾಂಡ್ ಪೇಪರು. ಅವನು ಮಗ್ಗದ ಮಾಲೀಕ. ಯಾವ ನೂಲು ಹರಿದರೆ ಎಷ್ಟು ನಷ್ಟವೆಂದು ನಿಂತಲ್ಲೇ ಬಲ್ಲವ.

“ನನಗೂ ಈ ರೊಕ್ಕಕ್ಕೂ ಸಂಬಂಧ ಇಲ್ರಿ,” ಅಂದ.

ಅನುರಾಧಾ ಅವನ ಅಂಗಿಯ ತೋಳು ಜಗ್ಗಿದಳು.

“ಸಾವಕಾರ್ರ,” ಅಂದಳು ಅನುರಾಧಾ.

“ಒಂದು ಪೈಸಾನೂ ನಂದಲ್ಲ. ಅಕಿದ. ದುಡದಾಳ, ಕೂಡಿಟ್ಟಾಳ. ನಮ್ಮ ಮಗ್ಗದಾಗ ಪಗಾರ ಚೊಲೋ ಇತ್ತು.”

“ಬರದ ಕೊಡತೀರಿ?” ಬಸವಪ್ರಸಾದ ಕೇಳಿದ.

“ಕೊಡತೀನ್ರಿ.”

ಬರೆದ. ಸಹಿ ಮಾಡಿದ. ತಾರೀಖೂ ಹಾಕಿದ. ಸಾಹೇಬರು ಆ ಕಾಗದಕ್ಕೆ ಮೊಹರು ಒತ್ತಿದರು. ಅನುರಾಧಾಳ ಮೂವತ್ತು ವರ್ಷದ ಅನುಭವದಲ್ಲಿ, ಕೈಗೆ ಬಂದ ಸಾಕ್ಷಿ ಕಣ್ಣೆದುರೇ ಹೀಗೆ ಆರೋಪಿಗಿಂತ ಬಡವನಾದದ್ದು ಇದೇ ಮೊದಲು.

“ಹಂಗಿದ್ರ ಮುಗೀತು,” ಎಂದು ಬಸವಪ್ರಸಾದ ಆದೇಶ ಬರೆಯತೊಡಗಿದ. “ಹಣ ಕಾಶವ್ವನದು. ಕಾರ್ಡು ರದ್ದು. ದಾಖಲೆಗೆ ಬೇಕು, ಪಾಸ್‌ಬುಕ್ಕಿನಾಗ ಏನೇನೈತಿ ಬಿಡಿಸಿ ಓದ್ರಿ.”

ಅನುರಾಧಾ ಓದಿದಳು. ಬೇಕೆಂದೇ ನಿಧಾನ ಓದಿದಳು. ಯೋಚಿಸಲು ಸಮಯ ಬೇಕಿತ್ತು. “ಹಳೇ ಜಮಾ, ಬಡ್ಡಿ ಸೇರಿ, ಎಂಟು ಲಕ್ಷದ ಹನ್ನೊಂದು ಸಾವಿರ. ಮಾರ್ಚ್ ಹನ್ನೊಂದಕ್ಕ ಹದಿನಾಲ್ಕು ಲಕ್ಷ.”

“ಎಲ್ಲಿಂದ?”

“ಸುಖಸಂಜೆ ವಿದೇಶ ನಿವೃತ್ತಿ ಸೇವೆ, ಖಾನಾಪುರ.”

ಪೆನ್ನು ನಿಂತಿತು. ನಿಂತಲ್ಲಿ ಶಾಯಿ ಹರಡಿ, ‘ರದ್ದು’ ಎಂಬ ಮಾತಿನ ಮೇಲೆ ತೊಗರಿಕಾಳಿನಷ್ಟು ಕಲೆಯಾಯಿತು. ಬಸವಪ್ರಸಾದ ಚಾಳೀಸು ತೆಗೆದ, ಒರೆಸಿದ, ಹಾಕಿಕೊಂಡ. ಕೋಣೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ. ಕಲ್ಲಯ್ಯನ ಬೆನ್ನ ಹಿಂದಿದ್ದ ಮಧುಕರ ಅವನಿಗೆ ಕಂಡ. ಮಧುಕರ ಕೂಡಲೇ ಫ್ಯಾನಿನ ರೆಕ್ಕೆ ಎಣಿಸತೊಡಗಿದ.

“ಗುರುಪುತ್ರಪ್ಪನವರ, ಇನ್ನೊಮ್ಮೆ ಯೋಚನಿ ಮಾಡ್ರಿ,” ಅಂದ ಬಸವಪ್ರಸಾದ. ದನಿ ತೆಳ್ಳಗಾಗಿತ್ತು. “ಎಂಟು ಲಕ್ಷ ನಿಮ್ಮದಲ್ಲ, ಒಪ್ಪಿದೆ. ಆದ್ರ ಈ ಹದಿನಾಲ್ಕೂ ಈಕಿದು ಅಂದ್ರ ಹೆಂಗ? ಈ ಹೆಣ್ಮಗಳು ಕಡುಬಡವಿ ಅಲ್ಲೇನ್ರಿ? ನೋಡಿದ್ರ ಗೊತ್ತಾಗೂದಿಲ್ಲೇನು?”

ಐದು ನಿಮಿಷದ ಹಿಂದೆ ಕಾಗದ ಕೇಳಿದ್ದ ಮನುಷ್ಯನಿಗೆ ಈಗ ಕಣ್ಣೇ ಸಾಕಾಗಿತ್ತು.

“ನಂದಲ್ರಿ,” ಎಂದು ಗುರುಪುತ್ರಪ್ಪ ಬೆಂಚಿಗೆ ಅಂಟಿಕೊಂಡ. “ಮೊಹರು ಒತ್ತೀರಿ.”

“ಕಾಶವ್ವ, ನೀವರೇ ಹೇಳ್ರಿ. ಇಷ್ಟೊಂದು ರೊಕ್ಕ ನಿಮ್ಮದಲ್ಲ ಅಲ್ಲ? ಅಲ್ಲ ಅನ್ರಿ, ಬರ್ಕೋತೀನಿ, ಕಾರ್ಡೂ ಉಳಸತೀನಿ. ಹದಿನಾಲ್ಕರ ಮಟ್ಟಿಗೆ ಅಲ್ಲ ಅನ್ರಿ.”

ಅಲ್ಲ ಎಂದರೆ ಸಾಕಿತ್ತು. ಕಾರ್ಡು ಉಳಿಯುತ್ತಿತ್ತು, ಗುರುವಾರ ಕಣ್ಣು ಸಿಗುತ್ತಿತ್ತು. ಅನುರಾಧಾ ಬೆಂಚಿನಿಂದ ಮುಂದಕ್ಕೆ ಬಾಗಿದಳು.

ಕಾಶವ್ವ ಒಂದು ಕೈಯನ್ನು ಮೇಜಿನ ಅಂಚಿಗೆ ಊರಿದಳು.

“ನಂದ್ರಿ,” ಅಂದಳು.

“ಕಾಶವ್ವಾ,” ಎಂದಳು ಅನುರಾಧಾ.

“ತಡೀರಿ ಬಾಯಾರ. ಬ್ಯಾಂಕಿನವರು ನಂದು ಅಂತಾರ. ಸರಕಾರದವರು ನಂದು ಅಂತಾರ. ಸಾವಕಾರ್ರು ಬರದ, ಸಹಿ ಮಾಡಿ, ನಂದು ಅಂತಾರ. ನಾ ಒಬ್ಬಾಕಿ ಅಲ್ಲ ಅಂತ ಯಾಕ ವಾದಾ ಮಾಡಲಿ? ಸಾಲಿ ಕಲತ ಮಂದಿ ಇಷ್ಟು ಮಂದಿ ಸುಳ್ಳು ಹೇಳತಾರೇನು? ಬರಕೊಳ್ರಿ ಸಾಹೇಬ್ರ. ಎಂಟೂ ನಂದು, ಹದಿನಾಲ್ಕೂ ನಂದು. ಶ್ರೀಮಂತಿ ಅಂತ ಒಂದು ಕಾಗದ ಕೊಟ್ಟಬಿಡ್ರಿ, ಆಸ್ಪತ್ರ್ಯಾಗ ಉದ್ರಿ ಕೊಡತಾರ.”

ಕಲ್ಲಯ್ಯನಿಗೆ ನಗು ತಡೆಯಲಾಗಲಿಲ್ಲ. ಬಸವಪ್ರಸಾದ ಕಡತ ಮುಚ್ಚಿ ದಾರ ಕಟ್ಟಿದ.

“ವಿಚಾರಣೆ ಶುಕ್ರವಾರಕ್ಕ ಮುಂದೂಡೇನಿ.”

“ಆಪರೇಷನ್ ಗುರುವಾರ ಐತ್ರಿ,” ಅಂದಳು ಕಾಶವ್ವ. “ಬಡವಿ ಅಂತರೆ ಬರೀರಿ, ಶ್ರೀಮಂತಿ ಅಂತರೆ ಬರೀರಿ. ಏನೂ ಬರೀದಿದ್ರ ನನ್ನ ಕಣ್ಣ ಯಾರು ತಗೀತಾರ?”

“ಅದು ನನ್ನ ವ್ಯಾಪ್ತಿಗೆ ಬರೂದಿಲ್ಲ.”

ಅನುರಾಧಾ ಏಳಲಿಲ್ಲ. ನಿಂತ ಪೆನ್ನು, ಎಣಿಕೆಯಾಗದ ಫ್ಯಾನಿನ ರೆಕ್ಕೆ, ಹದಿನಾಲ್ಕರ ಮಟ್ಟಿಗೆ ಎಂಬ ಆ ಮಾತು. ಮೂರೂ ಅವಳ ತಲೆಯಲ್ಲಿ ಒಂದೇ ಗೆರೆಗೆ ಬಂದು ಕೂತಿದ್ದವು.

“ಸಾಹೇಬ್ರ,” ಅಂದಳು, “ನಿಮ್ಮ ರಿಟೈರ್ಮೆಂಟ್ ಯಾವಾಗ?”

ಬಸವಪ್ರಸಾದ ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಗುರುಪುತ್ರಪ್ಪ ಅವನ ಮುಖ ನೋಡಿದ, ಮಧುಕರನ ಮುಖ ನೋಡಿದ, ಮತ್ತೆ ಅವನ ಮುಖ ನೋಡಿದ. “ಲೇ ಮಧ್ಯಾ,” ಎಂದ ಮೆಲ್ಲಗೆ, “ಹದಿನಾಲ್ಕು ಲಕ್ಷ ಇವರವೇನಲೇ?”

ಮಧುಕರ ಗೋಡೆಗೆ ಒರಗಿದ. ಅಷ್ಟು ಸಾಕಾಗಿತ್ತು.

ಬಸವಪ್ರಸಾದ ಎದ್ದ. ಸಿಪಾಯಿಯನ್ನು ಚಹಾ ತರಲು ಕಳಿಸಿ ತಾನೇ ಬಾಗಿಲು ಮುಂದೆ ಮಾಡಿದ. ಮೇಜನ್ನು ಸುತ್ತಿ ಹೋಗಿ ತನ್ನದೇ ಕುರ್ಚಿಯನ್ನು ಎಳೆದು ತಂದು ಕಾಶವ್ವನ ಹಿಂದಿಟ್ಟ. ಅದರ ಮೇಲಿನ ಟವೆಲ್ಲನ್ನು ಸರಿಪಡಿಸಿದ.

“ಕುಂದರ್ರಿ ಅವ್ವಾರ. ನಿಂತ ನಿಂತ ಕಾಲು ಸೋತಿರಬೇಕು. ಸುಮ್ನ ಮಾತ ಬೆಳಸೂದು ಬ್ಯಾಡ. ಆ ಹದಿನಾಲ್ಕು ಬಿಡಾಕ ನಿಮಗೆಷ್ಟು ಬೇಕು, ಹೇಳಿಬಿಡ್ರಿ.”

ಕಾಶವ್ವ ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿದಳು. ಕೂತಳು. ಬೆನ್ನು ಆನಿಸಿದಳು. ಬೆಳಿಗ್ಗೆಯಿಂದ ತನಗಾಗಿ ಊರೂರು ಅಲೆದ ಪತ್ತೇದಾರಿಣಿಯ ಕಡೆ ಒಂದು ಬೆರಳು ಎತ್ತಿದಳು.

“ಮೊದಲ ಈ ಬಾಯಾರನ್ನ ಹೊರಗ ಕಳಸ್ರಿ,” ಅಂದಳು.